ಅಪ್‌ಡೇಟ್ ಆದಮೇಲೆ ಟ್ಯಾಬ್ ಕ್ಯಾಮೆರಾ ಕಾರ್ಡ್ ಓದುತ್ತಿಲ್ಲವೇ? ಫಾರ್ಮ್ಯಾಟ್ ಒತ್ತುವ ಮೊದಲು ಹೀಗೆ ನೋಡಿ

ಗುಬ್ಬಿಯ ಒಂದು ಕಲ್ಯಾಣ ಮಂಟಪ. ರಾತ್ರಿ 10.30. ಆರತಕ್ಷತೆ ಮುಗಿದು ಕೊನೆ ಪಂಕ್ತಿಯ ಊಟ ನಡೆಯುತ್ತಿತ್ತು. ಮದುಮಗಳ ಅಜ್ಜಿ ಎಲೆ ಅಡಿಕೆ ಹಿಡಿದುಕೊಂಡು ಬಂದು ನಮ್ಮ ಪಕ್ಕ ಕೂತರು. "ಎಲ್ಲಿ, ನನ್ನ ಮೊಮ್ಮಗಳ ಫೋಟೊ ತೋರಿಸು" ಎಂದರು. ಕ್ಯಾಮೆರಾದಿಂದ ಕಾರ್ಡ್ ತೆಗೆದು ರೀಡರ್‌ಗೆ ಹಾಕಿದೆ. ರೀಡರನ್ನು ಟ್ಯಾಬ್‌ಗೆ ಚುಚ್ಚಿದೆ. ಏನೂ ಆಗಲಿಲ್ಲ. ತೆಗೆದು ಮತ್ತೆ ಚುಚ್ಚಿದೆ. ಆಗಲೂ ಏನೂ ಇಲ್ಲ.

ಹಿಂದಿನ ವಾರ ಕುಣಿಗಲ್‌ನಲ್ಲಿ ಇದೇ ಟ್ಯಾಬ್, ಇದೇ ರೀಡರ್ ಚೆನ್ನಾಗಿ ಕೆಲಸ ಮಾಡಿದ್ದವು. ನಡುವೆ ಆಗಿದ್ದು ಒಂದೇ. ಹಿಂದಿನ ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿದ್ದಾಗ ಟ್ಯಾಬ್ ತಾನಾಗಿಯೇ ಅಪ್‌ಡೇಟ್ ಆಗಿತ್ತು. ಜೊತೆಗಿದ್ದ ಹುಡುಗ, "ಅಪ್‌ಡೇಟ್ ಕೆಡಿಸಿದೆ ಅಣ್ಣ, ಕಾರ್ಡ್ ಒಂದ್ಸಲ ಫಾರ್ಮ್ಯಾಟ್ ಮಾಡಿ ನೋಡೋಣ್ವಾ?" ಎಂದ. ಪಾಪ, ಬೆಳಗ್ಗೆ 5ಕ್ಕೆ ಎದ್ದವನು. ತಲೆ ಓಡುತ್ತಿರಲಿಲ್ಲ. ಆ ಕಾರ್ಡ್‌ನಲ್ಲಿ ಬಳೆ ಶಾಸ್ತ್ರದಿಂದ ಆರತಕ್ಷತೆಯವರೆಗಿನ ಎಲ್ಲವೂ ಇತ್ತು. ನಾನು ಕಾರ್ಡ್ ಹೊರಗೆ ತೆಗೆದೆ, ಪಕ್ಕದ ಲಾಕ್ ಕೆಳಗೆ ಸರಿಸಿದೆ, ಡಬ್ಬಿಗೆ ಹಾಕಿ ಶರ್ಟಿನ ಜೇಬಿನಲ್ಲಿಟ್ಟುಕೊಂಡೆ. ಅಜ್ಜಿಗೆ ಕ್ಯಾಮೆರಾದ ಹಿಂದಿನ ಪರದೆಯಲ್ಲೇ ಇನ್ನೊಂದು ಕಾರ್ಡ್‌ನ ನಾಲ್ಕು ಫೋಟೊ ತೋರಿಸಿದೆ.

ತುಮಕೂರಿನಲ್ಲಿ ಮದುವೆ, ನಾಮಕರಣ ತೆಗೆಯುವುದು ನನ್ನ ಕೆಲಸ. ಬಿಡುವು ಸಿಕ್ಕರೆ ಶಿರಾ ಹತ್ತಿರದ ಕಗ್ಗಲಡುಗೆ ಹೋಗಿ, ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳ ಫೋಟೊ ತೆಗೆಯುತ್ತೇನೆ. ಲ್ಯಾಪ್‌ಟಾಪ್ ಹೊರುವುದು ಬೇಡ ಅಂತ ನಮ್ಮಲ್ಲಿ ತುಂಬಾ ಜನ ಹಳೆ ಟ್ಯಾಬ್, ಹಳೆ ರೀಡರ್ ಇಟ್ಟುಕೊಂಡಿದ್ದೇವೆ. ತಿಪಟೂರು, ಮಧುಗಿರಿ, ಕೊರಟಗೆರೆ ಕಡೆಯ ಗೆಳೆಯರು ಕೆಟ್ಟ ಟ್ಯಾಬ್ ಹಿಡಿದು ಬರುತ್ತಾರೆ. ಎಲ್ಲರದ್ದೂ ಒಂದೇ ಮಾತು: "ಅಪ್‌ಡೇಟ್ ಆದ್ಮೇಲೆ ಹಿಂಗಾಯ್ತು." ಕೆಲವು ಸಲ ಅದು ನಿಜ. ಜಾಸ್ತಿ ಸಲ ಅಲ್ಲ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು ಕಾರ್ಡ್

ರೀಡರ್ ಹೋದರೆ ಇನ್ನೊಂದು ಸಿಗುತ್ತದೆ. ಟ್ಯಾಬ್ ಹೋದರೂ ಸಿಗುತ್ತದೆ. ಮಾಂಗಲ್ಯಧಾರಣೆ ಇನ್ನೊಂದು ಸಲ ನಡೆಯುವುದಿಲ್ಲ. ಅದಕ್ಕೆ ಪರೀಕ್ಷೆ ಮಾಡುವಾಗ ಕೆಲಸದ ಕಾರ್ಡ್ ಬಳಸಲೇಬೇಡಿ. ಮನೆಯಲ್ಲಿ ಬಿದ್ದಿರುವ ಹಳೆಯ 8 ಜಿಬಿ ಕಾರ್ಡ್ ಒಂದನ್ನು ನಿಮ್ಮ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಅದೇ ಕ್ಯಾಮೆರಾದಿಂದ ನಾಲ್ಕು ಫೋಟೊ ತೆಗೆದು ಇಟ್ಟುಕೊಳ್ಳಿ. ಮುಂದಿನ ಎಲ್ಲಾ ಪರೀಕ್ಷೆಗೂ ಅದೇ ಸಾಕು.

ಎಸ್‌ಡಿ ಕಾರ್ಡ್ ಪಕ್ಕದ ಲಾಕ್ ಬಗ್ಗೆ ಒಂದು ಮಾತು. ಅದು ಬರೀ ಪ್ಲಾಸ್ಟಿಕ್ ಚೂರು. ಕಾರ್ಡ್ ಒಳಗಿನ ಚಿಪ್‌ಗೆ ಅದರ ಸುದ್ದಿಯೇ ಇರುವುದಿಲ್ಲ. ಅದು ಎಲ್ಲಿದೆ ಅಂತ ನೋಡಿ, ಬರೆಯದೆ ಸುಮ್ಮನಿರಬೇಕಾದದ್ದು ರೀಡರ್. ಆದ್ದರಿಂದ ಲಾಕ್ ಹಾಕುವುದು ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಟ್ಯಾಬ್ ಪರದೆ ಮೇಲೆ ಫಾರ್ಮ್ಯಾಟ್, ಸೆಟಪ್, ಇನಿಶಿಯಲೈಜ್, ಫಿಕ್ಸ್ — ಈ ನಾಲ್ಕರಲ್ಲಿ ಯಾವ ಪದ ಬಂದರೂ ಕೈ ಹಿಂದಕ್ಕೆ ತೆಗೆದುಕೊಳ್ಳಿ. "ಫಿಕ್ಸ್" ಅಂದರೆ ಸರಿ ಮಾಡುತ್ತದೆ ಅಂತ ನಂಬಿ ಒತ್ತಿದ ಗೆಳೆಯರೊಬ್ಬರು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಅವರ ಪುಣ್ಯ, ಒತ್ತಿದ ಮೇಲೆ ಆ ಕಾರ್ಡ್‌ಗೆ ಒಂದೂ ಫೋಟೊ ಬರೆಯದೆ ತೆಗೆದಿಟ್ಟಿದ್ದರು. ಸಾಮಾನ್ಯ ಫಾರ್ಮ್ಯಾಟ್ ಅಳಿಸುವುದು ಫೈಲ್‌ಗಳ ಪಟ್ಟಿಯನ್ನು. ಚಿತ್ರದ ಮಾಹಿತಿ ಮೇಲೆ ಬೇರೆ ಏನಾದರೂ ಬರೆಯುವ ತನಕ ಅದು ಬಹುಪಾಲು ಅಲ್ಲೇ ಇರುತ್ತದೆ. ಕಂಪ್ಯೂಟರಿನಲ್ಲಿ ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಹಾಕಿ ರಾತ್ರಿಯೆಲ್ಲಾ ಓಡಿಸಿದೆವು. ಫೈಲ್ ಹೆಸರುಗಳು ಹೋದವು, ಚಿತ್ರಗಳು ಹೆಚ್ಚು ಕಡಿಮೆ ಎಲ್ಲವೂ ಬಂದವು. ನಿಮಗೂ ಹಾಗೆ ಆಗಿದ್ದರೆ ಮಾಡಬೇಕಾದ್ದು ಒಂದೇ: ಆ ಕಾರ್ಡ್‌ಗೆ ಇನ್ನೇನೂ ಬರೆಯಬೇಡಿ.

ಅಪ್‌ಡೇಟ್ ನಿಜವಾಗಿ ಏನು ಬದಲಿಸುತ್ತದೆ

ರೀಡರ್ ಒಳಗಿನ ತಂತಿ ಅಪ್‌ಡೇಟ್‌ನಿಂದ ಕಿತ್ತು ಹೋಗುವುದಿಲ್ಲ. ಬದಲಾಗುವುದು ಟ್ಯಾಬ್‌ನ ನಿಯಮ. ಚುಚ್ಚಿದ ವಸ್ತುವಿಗೆ ಎಷ್ಟು ಕರೆಂಟ್ ಕೊಡಬೇಕು, ಬೀಗ ಹಾಕಿರುವಾಗ ಅದನ್ನು ಒಳಗೆ ಬಿಡಬೇಕೇ, ಯಾವ ಬಗೆಯ ಕಾರ್ಡ್ ಓದಬೇಕು, ಯಾವ ಆ್ಯಪ್‌ಗೆ ಅದನ್ನು ತೋರಿಸಬೇಕು — ಇವು ನಿಯಮಗಳು. ನಿನ್ನೆ ಬಾಗಿಲು ತೆರೆದಿದ್ದ ಮನೆಯವರು ಇವತ್ತು ಚಿಲಕ ಹಾಕಿಕೊಂಡ ಹಾಗೆ. ಬಂದ ನೆಂಟರಲ್ಲಿ ತಪ್ಪಿಲ್ಲ.

ಇದಕ್ಕೆ ಹಳೆಯ ಉದಾಹರಣೆ 2010ರದ್ದು. ಆ ವರ್ಷ ಮೊದಲ ಐಪ್ಯಾಡ್ ಬಂತು. ಜೊತೆಗೆ ಕ್ಯಾಮೆರಾ ಕನೆಕ್ಷನ್ ಕಿಟ್ ಬಂತು. ಅದರಲ್ಲಿ ಎರಡು ಬಿಳಿ ತುಂಡು. ಒಂದಕ್ಕೆ ಎಸ್‌ಡಿ ಕಾರ್ಡ್, ಇನ್ನೊಂದಕ್ಕೆ ಯುಎಸ್‌ಬಿ ಕೇಬಲ್. ಜನ ಆ ಯುಎಸ್‌ಬಿ ತುಂಡಿಗೆ ಬೇರೆ ಬೇರೆ ಕಾರ್ಡ್ ರೀಡರ್, ಮೈಕ್, ಕೀಬೋರ್ಡ್ ಎಲ್ಲಾ ಚುಚ್ಚಿ ನೋಡಿದರು, ಎಷ್ಟೋ ಕೆಲಸ ಮಾಡಿದವು. ಅದೇ ವರ್ಷದ ನವೆಂಬರ್‌ನಲ್ಲಿ ಐಒಎಸ್ 4.2 ಬಂತು. ಐಒಎಸ್ ಅಂದರೆ ಆಪಲ್‌ನ ಫೋನ್, ಟ್ಯಾಬ್ ಓಡಿಸುವ ತಂತ್ರಾಂಶ. ಆ ಕಿಂಡಿಗೆ 100 ಮಿಲಿಆಂಪ್ ತನಕ ಸಿಗುತ್ತಿದ್ದ ಕರೆಂಟ್ 20 ಮಿಲಿಆಂಪ್‌ಗೆ ಇಳಿಯಿತು. ಅರ್ಧ ವ್ಯಾಟ್ ಇದ್ದದ್ದು ವ್ಯಾಟಿನ ಹತ್ತನೇ ಒಂದು ಭಾಗ ಆಯಿತು. ಚೆನ್ನಾಗಿದ್ದ ಎಷ್ಟೋ ರೀಡರ್‌ಗಳು ಒಂದೇ ದಿನದಲ್ಲಿ ನಿಂತವು. ಕ್ಯಾಮೆರಾವನ್ನೇ ಕೇಬಲ್‌ನಲ್ಲಿ ಚುಚ್ಚಿದವರಿಗೆ ಮಾತ್ರ ಏನೂ ಆಗಲಿಲ್ಲ. ಕ್ಯಾಮೆರಾ ತನ್ನ ಬ್ಯಾಟರಿಯಲ್ಲೇ ಓಡುತ್ತದೆ ಅಲ್ವಾ, ಅದಕ್ಕೆ ಟ್ಯಾಬ್‌ನ ಕರೆಂಟ್ ಬೇಡ. ಈ ವಿಷಯ ನೆನಪಿಡಿ, ಪರೀಕ್ಷೆ ಮಾಡುವಾಗ ಇದೇ ದೊಡ್ಡ ಸುಳಿವು.

ಎರಡನೆಯದು 2018ರ ಜುಲೈ. ಐಒಎಸ್ 11.4.1 ಬಂದಾಗ ಹೊಸ ನಿಯಮ ಸೇರಿತು. ಟ್ಯಾಬ್ ಲಾಕ್ ಆಗಿ ಒಂದು ಗಂಟೆ ದಾಟಿದರೆ, ಮತ್ತೆ ಲಾಕ್ ತೆಗೆಯುವ ತನಕ ಯುಎಸ್‌ಬಿ ವಸ್ತುಗಳ ಜೊತೆ ಮಾತಾಡುವುದಿಲ್ಲ. ಕದ್ದ ಫೋನಿಗೆ ಯಂತ್ರ ಚುಚ್ಚಿ ಪಾಸ್‌ಕೋಡ್ ಒಡೆಯುವವರನ್ನು ತಡೆಯಲು ಇದು ಬೇಕಾಗಿತ್ತು. ಒಳ್ಳೆಯ ನಿಯಮವೇ. ಆದರೆ ಮಂಟಪದಲ್ಲಿ ಬ್ಯಾಗಿನಿಂದ ತೆಗೆದು ಚುಚ್ಚಿದವರಿಗೆ ರೀಡರ್ ಸತ್ತಂತೆ ಕಂಡಿತು.

ಮೂರನೆಯದು ನಿಜವಾದ ದೋಷ. 2023ರ ಮೇ ತಿಂಗಳಲ್ಲಿ ಬಂದ ಐಒಎಸ್ ಮತ್ತು ಐಪ್ಯಾಡ್‌ಒಎಸ್ 16.5 ಹಾಕಿಕೊಂಡವರಲ್ಲಿ ಲೈಟ್ನಿಂಗ್ ಟು ಯುಎಸ್‌ಬಿ 3 ಕ್ಯಾಮೆರಾ ಅಡಾಪ್ಟರ್ ಕೈಕೊಟ್ಟಿತು. ಐಪ್ಯಾಡ್‌ನ ಲೈಟ್ನಿಂಗ್ ಅನ್ನುವ ಕಿಂಡಿಗೆ ಯುಎಸ್‌ಬಿ ವಸ್ತು ಕೂಡಿಸುವ, ಆಪಲ್ ಕಂಪನಿಯದೇ ಅಡಾಪ್ಟರ್ ಅದು, 2016ರಿಂದ ಮಾರಾಟದಲ್ಲಿತ್ತು. ಜೂನ್‌ನಲ್ಲಿ 16.5.1 ಬಂದಾಗ, ಈ ಅಡಾಪ್ಟರ್ ಮೂಲಕ ಚಾರ್ಜ್ ಆಗದಂತೆ ಮಾಡುತ್ತಿದ್ದ ತೊಂದರೆಯನ್ನು ಸರಿಪಡಿಸಿದ್ದೇವೆ ಅಂತ ಕಂಪನಿಯ ಟಿಪ್ಪಣಿಯಲ್ಲೇ ಬರೆದಿತ್ತು. ಸುಮಾರು ಒಂದು ತಿಂಗಳು ಆ ಅಡಾಪ್ಟರ್ ನಂಬಿದವರು ಕಷ್ಟಪಟ್ಟರು. ಆ ತಿಂಗಳಲ್ಲಿ ಹೊಸ ಅಡಾಪ್ಟರ್ ಕೊಂಡವರಿಗೂ ಪ್ರಯೋಜನವಾಗಲಿಲ್ಲ, ಯಾಕೆಂದರೆ ದೋಷ ಅಡಾಪ್ಟರ್‌ನಲ್ಲಿ ಇರಲೇ ಇಲ್ಲ.

ಈ ಮೂರೂ ಮೂರು ಬಗೆ. ಒಂದು ಕರೆಂಟಿನದು, ಒಂದು ಬೀಗದ್ದು, ಒಂದು ತಂತ್ರಾಂಶದ ತಪ್ಪು. ಮೂರಕ್ಕೂ ಮದ್ದು ಬೇರೆ. ಅದಕ್ಕೇ ಕುರುಡಾಗಿ ರೀಸೆಟ್ ಮಾಡುವುದು ಬೇಡ ಅನ್ನುತ್ತೇನೆ.

ಟ್ಯಾಬ್ ಏನು ಹೇಳುತ್ತಿದೆ?

ಮೊದಲು ಟ್ಯಾಬ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಪಾಸ್‌ಕೋಡ್ ಹಾಕಿ ಮುಖಪುಟಕ್ಕೆ ಬನ್ನಿ. ಆಮೇಲೆ ಬರೀ ರೀಡರ್ ಚುಚ್ಚಿ, ಮೂರು ಎಣಿಸಿ, ನಂತರ ಪರೀಕ್ಷೆಯ ಕಾರ್ಡ್ ಹಾಕಿ. ಪರದೆ ನೋಡುತ್ತಾ 20 ಸೆಕೆಂಡ್ ಕಾಯಿರಿ. ಏನು ಬರುತ್ತದೋ ಅದನ್ನು ಓದಿ. ಓದದೆ ಓಕೆ ಒತ್ತುವುದು ನಮ್ಮೆಲ್ಲರ ಅಭ್ಯಾಸ. ಆದರೆ ದಾರಿ ತೋರಿಸುವುದು ಆ ಒಂದು ಸಾಲೇ.

"ದಿಸ್ ಆಕ್ಸೆಸರಿ ರಿಕ್ವೈರ್ಸ್ ಟೂ ಮಚ್ ಪವರ್" ಅಂತ ಬಂದರೆ ಸಮಾಧಾನ ಪಡಿ. ಟ್ಯಾಬ್ ರೀಡರನ್ನು ಗುರುತಿಸಿದೆ, ಪಿನ್‌ಗಳು ಸರಿಯಿವೆ, ಕರೆಂಟ್ ಮಾತ್ರ ಸಾಲುತ್ತಿಲ್ಲ. ನಾಲ್ಕೈದು ಕಿಂಡಿಯ, ದೊಡ್ಡ ನೀಲಿ ಲೈಟ್ ಇರುವ ರೀಡರ್‌ಗಳಲ್ಲಿ ಇದು ಜಾಸ್ತಿ. ಒಂದೇ ಕಿಂಡಿಯ ಸಣ್ಣ ರೀಡರ್ ಹಾಕಿ ನೋಡಿ. ಇಲ್ಲವೇ ತನ್ನದೇ ಚಾರ್ಜರ್ ಇರುವ ಯುಎಸ್‌ಬಿ ಹಬ್ ನಡುವೆ ಇಡಿ. ಚಾರ್ಜಿಂಗ್ ಕಿಂಡಿ ಇರುವ ಅಡಾಪ್ಟರ್ ಆದರೆ ಅದಕ್ಕೆ ಚಾರ್ಜರ್ ಕೊಡಿ. ಫೋನಿನ ಜೊತೆ ಬಂದ ಹಳೆಯ 5 ವ್ಯಾಟ್ ಚಾರ್ಜರ್ ಬೇಡ, ಟ್ಯಾಬ್‌ನ 12 ವ್ಯಾಟ್ ಅಥವಾ ಅದಕ್ಕಿಂತ ದೊಡ್ಡದು ಹಾಕಿ. ಮಂಟಪದಲ್ಲಿ ಕರೆಂಟ್ ಹೋಗಿ ಜನರೇಟರ್ ಓಡುತ್ತಿದ್ದರೆ ಪವರ್ ಬ್ಯಾಂಕ್ ಬಳಸಿ, ನಾನು ಹಾಗೇ ಮಾಡುತ್ತೇನೆ.

ಲಾಕ್ ತೆಗೆದು ಬಳಸಿ ಅಂತ ಬಂದರೆ ಅದು 2018ರ ನಿಯಮ. ಪಾಸ್‌ಕೋಡ್ ಹಾಕಿ, ರೀಡರ್ ತೆಗೆದು ಮತ್ತೆ ಚುಚ್ಚಿ. ದಿನಾ ಇದೇ ಕಾಟ ಆದರೆ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ಕೋಡ್ ಇರುವ ಪುಟ ತೆರೆದು ಆಕ್ಸೆಸರೀಸ್ ಅನ್ನುವ ಗುಂಡಿ ಹುಡುಕಿ. ಆವೃತ್ತಿಗೆ ತಕ್ಕಂತೆ ಅದರ ಹೆಸರು, ಜಾಗ ಸ್ವಲ್ಪ ಬದಲಾಗುತ್ತದೆ, ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೆ ಸಿಗುತ್ತದೆ. ಆನ್ ಇದ್ದರೆ ಲಾಕ್ ಇದ್ದಾಗಲೂ ವಸ್ತುಗಳಿಗೆ ಅನುಮತಿ. ನಾನು ಅದನ್ನು ಆಫ್ ಇಟ್ಟೇ ಕೆಲಸ ಮಾಡುತ್ತೇನೆ. ಸಾವಿರ ಜನ ಓಡಾಡುವ ಜಾಗದಲ್ಲಿ ಟ್ಯಾಬ್ ಕಳೆದುಹೋಗಬಹುದು, ಅದರಲ್ಲಿ ಊರವರ ಮನೆಯ ಹೆಣ್ಣುಮಕ್ಕಳ ಫೋಟೊ ಇರುತ್ತವೆ.

"ದಿಸ್ ಆಕ್ಸೆಸರಿ ಮೇ ನಾಟ್ ಬಿ ಸಪೋರ್ಟೆಡ್" ಅಂತ ಬರುವುದು ಹೆಚ್ಚಾಗಿ ಕಡಿಮೆ ಬೆಲೆಯ ಲೈಟ್ನಿಂಗ್ ರೀಡರ್‌ಗಳಿಗೆ. ಲೈಟ್ನಿಂಗ್ ಬಂದದ್ದು 2012ರಲ್ಲಿ. ಅದರ ತುದಿಯಲ್ಲಿ ಗುರುತು ಹೇಳುವ ಚಿಪ್ ಇರುತ್ತದೆ. ನಕಲಿ ಚಿಪ್ ಇವತ್ತು ನಡೆಯುತ್ತದೆ, ಅಪ್‌ಡೇಟ್ ಆದಮೇಲೆ ನಡೆಯದಿರಬಹುದು. ಇದಕ್ಕೆ ಮನೆಮದ್ದು ಇಲ್ಲ. ಆದರೆ ಒಂದು ಎಚ್ಚರಿಕೆ: ಪಿನ್‌ನಲ್ಲಿ ಕೊಳೆ ಇದ್ದರೂ ಇದೇ ಸಂದೇಶ ಬರುತ್ತದೆ. ಬೇರೆ ಕೊಳ್ಳುವ ಮೊದಲು ಮುಂದಿನ ಭಾಗ ಓದಿ.

ಏನೂ ಹೇಳದೆ ಸುಮ್ಮನಿದ್ದರೆ

ನಮ್ಮ ಗುಬ್ಬಿಯ ಟ್ಯಾಬ್ ಹೀಗೇ ಇತ್ತು. ಸಂದೇಶ ಇಲ್ಲ, ಸದ್ದು ಇಲ್ಲ. ಬೆಳಗ್ಗೆ ತುಮಕೂರಿಗೆ ಬಂದು ಟ್ಯೂಬ್‌ಲೈಟ್ ಕೆಳಗೆ ಕೂತೆ. ಮೊದಲು ಚಾರ್ಜರ್ ಚುಚ್ಚಿದೆ. ಚಾರ್ಜ್ ಆಗುತ್ತಿತ್ತು. ಆದರೆ ಕೇಬಲ್ ಒಳಗೆ ಹೋದಾಗ ಬರಬೇಕಾದ "ಟಕ್" ಅನ್ನುವ ಸಣ್ಣ ಸದ್ದು ಬರಲಿಲ್ಲ. ಬೆರಳಿನಿಂದ ಮುಟ್ಟಿದರೆ ಕೇಬಲ್ ಅಲ್ಲಾಡುತ್ತಿತ್ತು. ಅದರ ಲೋಹದ ಬುಡ ಕೂದಲೆಳೆಯಷ್ಟು ಹೊರಗೆ ಉಳಿದಿತ್ತು.

ಟ್ಯಾಬ್ ಆಫ್ ಮಾಡಿದೆ. ಫೋನ್ ಟಾರ್ಚ್ ಹಾಕಿ ಕಿಂಡಿಯೊಳಗೆ ನೋಡಿದೆ. ತಳ ಕಾಣಲಿಲ್ಲ, ಬೂದು ಬಣ್ಣದ ಏನೋ ಕಂಡಿತು. ಮರದ ಹಲ್ಲುಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿ, ಗೋಡೆಗೆ ಒತ್ತಿಕೊಂಡು ಮೆಲ್ಲಗೆ ಎಳೆದೆ. ಒತ್ತಿ ಒತ್ತಿ ಗಟ್ಟಿಯಾದ ನೂಲಿನ ಚೂರೊಂದು ಬಂತು. ಅಕ್ಕಿಕಾಳಿನಷ್ಟು ಉದ್ದ. ಬ್ಯಾಗಿನ ಒಳಬಟ್ಟೆಯ ನಾರು ಅದು. ಅದರ ತುಂಬಾ ಕೆಂಪು, ಹಳದಿ. ಕುಂಕುಮ, ಅರಿಶಿನ. ಎಷ್ಟು ಮದುವೆಯದ್ದೋ! ಅಕ್ಷತೆ ಎರಚುವಾಗ ಪಕ್ಕದಲ್ಲೇ ತೆರೆದ ಬ್ಯಾಗ್ ಇರುತ್ತದೆ. ದಿನಾ ಚಾರ್ಜರ್ ಚುಚ್ಚಿದ ಹಾಗೆಲ್ಲಾ ಆ ಕೊಳೆ ಹಿಂದಕ್ಕೆ ಹೋಗಿ ಗಟ್ಟಿಯಾಗಿತ್ತು. ಮತ್ತೆ ಎರಡು ಸಲ ಎಳೆದು, ಗಾಳಿ ಊದುವ ರಬ್ಬರ್ ಬಲ್ಬ್‌ನಿಂದ ಊದಿದೆ. ಕೇಬಲ್ ಚುಚ್ಚಿದೆ. ಟಕ್. ರೀಡರ್ ಚುಚ್ಚಿದೆ. ಫೋಟೊಗಳು ಸಾಲಾಗಿ ಬಂದವು.

ಅಪ್‌ಡೇಟ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಎರಡೂ ಹತ್ತಿರ ಹತ್ತಿರ ಕೂಡಿ ಬಂದವು, ಅಷ್ಟೇ. ಅವತ್ತು ಹುಡುಗನ ಮಾತು ಕೇಳಿದ್ದರೆ ಒಂದು ಮನೆಯ ಮದುವೆಯೇ ಅಳಿಸಿ ಹೋಗುತ್ತಿತ್ತು.

ಚಾರ್ಜ್ ಆಗುತ್ತದೆ ಅಂದಮಾತ್ರಕ್ಕೆ ಕಿಂಡಿ ಸರಿ ಇದೆ ಅಂತಲ್ಲ. ಕರೆಂಟ್ ಹೋಗುವ ಪಿನ್ ಬೇರೆ, ಮಾಹಿತಿ ಹೋಗುವ ಪಿನ್ ಬೇರೆ. ಕಡ್ಡಿ ಮರದ್ದೇ ಇರಲಿ. ಸೂಜಿ, ಪಿನ್ನು, ಸಿಮ್ ತೆಗೆಯುವ ಕಡ್ಡಿ ಖಂಡಿತ ಬೇಡ. ಬಾಯಿಂದ ಊದುವುದೂ ಬೇಡ, ಉಗುಳಿನ ತೇವ ಹೋಗುತ್ತದೆ. ಟೈಪ್-ಸಿ ಕಿಂಡಿಯ ನಡುವೆ ತೆಳುವಾದ ನಾಲಗೆ ಇದೆ, ಅದರ ಮೇಲೆ ಒತ್ತಿದರೆ ಮುರಿಯುತ್ತದೆ. ಪಕ್ಕದ ಗೋಡೆಗಳಲ್ಲಿ ಮಾತ್ರ ಕಡ್ಡಿ ಆಡಿಸಿ. ರೀಡರ್‌ನ ಲೈಟ್ನಿಂಗ್ ತುದಿಯನ್ನೂ ನೋಡಿ. 8 ಚಿನ್ನದ ಗೆರೆಗಳಲ್ಲಿ ಒಂದು ಕಪ್ಪಾಗಿದ್ದರೆ, ಒಣಗಿದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ. ಗೆರೆಯೇ ತಿಂದುಹೋಗಿದ್ದರೆ ಆ ರೀಡರ್ ಮುಗಿಯಿತು.

ಕಿಂಡಿ ಸ್ವಚ್ಛ ಮಾಡಿದರೂ ಸುಮ್ಮನಿದ್ದರೆ ಅದಲು ಬದಲು ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು. ರೀಡರ್, ಕಾರ್ಡ್, ಟ್ಯಾಬ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ತಿಳಿಯುವುದೇ ಇಲ್ಲ. ನಿಮ್ಮದೇ ರೀಡರನ್ನು ಇನ್ನೂ ಅಪ್‌ಡೇಟ್ ಆಗದ ಗೆಳೆಯರ ಟ್ಯಾಬ್‌ಗೆ ಚುಚ್ಚಿ. ಅಲ್ಲಿ ಓದಿದರೆ ರೀಡರ್ ಚೆನ್ನಾಗಿದೆ. ಗೆಳೆಯರ ರೀಡರ್ ನಿಮ್ಮ ಟ್ಯಾಬ್‌ನಲ್ಲಿ ಓದಿದರೆ ನಿಮ್ಮ ಕಿಂಡಿ ಚೆನ್ನಾಗಿದೆ. ಎರಡೂ ಚೆನ್ನಾಗಿದ್ದು ನಿಮ್ಮ ಜೋಡಿ ಮಾತ್ರ ಕೂಡುತ್ತಿಲ್ಲ ಅಂದರೆ, ಆಗ ಅಪ್‌ಡೇಟ್ ಕಡೆ ಬೆರಳು ತೋರಿಸಬಹುದು. ಆಮೇಲೆ ಕ್ಯಾಮೆರಾವನ್ನೇ ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಆನ್ ಮಾಡಿ. ಕ್ಯಾಮೆರಾದಿಂದ ಫೋಟೊ ಬಂದು ರೀಡರ್‌ನಿಂದ ಬರದಿದ್ದರೆ ಕಾರಣ ಹೆಚ್ಚಾಗಿ ಕರೆಂಟ್. 2010ರ ಕಥೆಯೇ ಮತ್ತೆ.

ಕಾರ್ಡ್ ಕಾಣುತ್ತದೆ, ಫೋಟೊ ಕಾಣುವುದಿಲ್ಲ

ಇದು ಬೇರೆಯೇ ಕಾಯಿಲೆ. ರೀಡರ್ ಸರಿಯಿದೆ, ಫೋಟೊ ಇರುವ ಜಾಗ ಟ್ಯಾಬ್‌ಗೆ ಗೊತ್ತಾಗುತ್ತಿಲ್ಲ. ಕ್ಯಾಮೆರಾಗಳೆಲ್ಲಾ ಫೋಟೊಗಳನ್ನು ಡಿಸಿಐಎಂ ಅನ್ನುವ ಫೋಲ್ಡರ್‌ನಲ್ಲಿ ಇಡುತ್ತವೆ. ಅದರೊಳಗೆ 100ರಿಂದ ಶುರುವಾಗುವ, ಮೂರು ಅಂಕೆ ಮತ್ತು ಐದು ಅಕ್ಷರದ ಫೋಲ್ಡರ್. ಅದರೊಳಗೆ ನಾಲ್ಕು ಅಕ್ಷರ, ನಾಲ್ಕು ಅಂಕೆಯ ಫೈಲ್ ಹೆಸರು. ಇದು ಕ್ಯಾಮೆರಾ ಕಂಪನಿಗಳೆಲ್ಲಾ ಒಪ್ಪಿಕೊಂಡ ಪದ್ಧತಿ. ನೀವು ಕಂಪ್ಯೂಟರಿನಲ್ಲಿ "ಗುಬ್ಬಿ ಮದುವೆ ಧಾರೆ" ಅಂತ ಹೆಸರು ಬದಲಿಸಿ ಮತ್ತೆ ಕಾರ್ಡ್‌ಗೆ ಹಾಕಿದ್ದರೆ ಐಪ್ಯಾಡ್‌ನ ಫೋಟೋಸ್ ಆ್ಯಪ್ ಅದನ್ನು ತೋರಿಸದೇ ಇರಬಹುದು. ಕೆಲವು ಕ್ಯಾಮೆರಾಗಳು ವಿಡಿಯೊವನ್ನು ಡಿಸಿಐಎಂ ಬಿಟ್ಟು ಪ್ರೈವೇಟ್ ಅನ್ನುವ ಫೋಲ್ಡರ್‌ನಲ್ಲಿ ಇಡುತ್ತವೆ, ಅವೂ ಕಾಣದೇ ಇರಬಹುದು.

ಇದಕ್ಕೆ ದಾರಿ ಸುಲಭ. 2019ರಲ್ಲಿ ಬಂದ ಐಪ್ಯಾಡ್‌ಒಎಸ್ 13ರಿಂದ ಫೈಲ್ಸ್ ಆ್ಯಪ್‌ನಲ್ಲೇ ಹೊರಗಿನ ಕಾರ್ಡ್ ತೆರೆಯಬಹುದು. ಅಲ್ಲಿ ಎಲ್ಲಾ ಫೋಲ್ಡರ್ ಕಾಣುತ್ತವೆ. ಬೇಕಾದ್ದನ್ನು ಆರಿಸಿ ಟ್ಯಾಬ್‌ಗೆ ನಕಲು ಮಾಡಿಕೊಳ್ಳಿ. ರೀಡರ್ ಚುಚ್ಚಿದ ಕೂಡಲೇ ಆಮದು ಪುಟ ತಾನಾಗಿ ತೆರೆಯುತ್ತಿದ್ದದ್ದು ಅಪ್‌ಡೇಟ್ ಆದಮೇಲೆ ತೆರೆಯದಿದ್ದರೆ ಗಾಬರಿ ಬೇಡ. ಫೋಟೋಸ್ ತೆರೆದು ಪಕ್ಕದ ಪಟ್ಟಿಯಲ್ಲಿ ಕಾರ್ಡ್‌ನ ಹೆಸರು ಹುಡುಕಿ. ಎಷ್ಟೋ ಜನರ ದೂರು ಇಲ್ಲಿಗೇ ಮುಗಿಯುತ್ತದೆ.

ಟ್ಯಾಬ್‌ನಲ್ಲಿ ಜಾಗ ಎಷ್ಟಿದೆ ಅಂತಲೂ ನೋಡಿ, ದೊಡ್ಡ ಅಪ್‌ಡೇಟ್ ಒಂದಷ್ಟು ಜಾಗ ತಿಂದಿರುತ್ತದೆ. 2000 ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ ಇಡುವ ದೊಡ್ಡ ಕಚ್ಚಾ ಫೈಲ್) ಇದ್ದರೆ ಹಳೆಯ ಟ್ಯಾಬ್‌ನಲ್ಲಿ ಚಿಕ್ಕ ಚಿತ್ರಗಳು ಮೂಡಲು ನಿಮಿಷಗಟ್ಟಲೆ ಬೇಕು. ಕಾಯಿರಿ. ಆಮದು ಮುಗಿದ ಮೇಲೆ ಕಾರ್ಡ್‌ನಲ್ಲಿರುವುದನ್ನು ಅಳಿಸಲೇ, ಇಟ್ಟುಕೊಳ್ಳಲೇ ಅಂತ ಕೇಳುತ್ತದೆ. ಯಾವಾಗಲೂ ಕೀಪ್ ಒತ್ತಿ. ಕಾರ್ಡ್ ಖಾಲಿ ಮಾಡುವುದು ಎರಡು ಕಡೆ ಪ್ರತಿ ಆದಮೇಲೆ, ಕ್ಯಾಮೆರಾದಲ್ಲೇ.

ಆಂಡ್ರಾಯ್ಡ್ ಟ್ಯಾಬ್ ಇರುವವರಿಗೆ

ಇಲ್ಲಿ ಮೊದಲು ನೋಡಬೇಕಾದ್ದು ಒಟಿಜಿ, ಅಂದರೆ ಟ್ಯಾಬ್‌ಗೆ ರೀಡರ್‌ನಂಥ ಯುಎಸ್‌ಬಿ ವಸ್ತು ಚುಚ್ಚಿ ಬಳಸಲು ಬಿಡುವ ಸೌಲಭ್ಯ. ಕೆಲವು ಕಂಪನಿಗಳ ಸಾಧನಗಳಲ್ಲಿ ಅದಕ್ಕೆ ಬೇರೆ ಗುಂಡಿ ಇರುತ್ತದೆ, ಹತ್ತು ನಿಮಿಷ ಬಳಸದಿದ್ದರೆ ತಾನೇ ಆಫ್ ಆಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಟಿಜಿ ಅಂತ ಹುಡುಕಿ ಆನ್ ಮಾಡಿ.

ಎರಡನೆಯದು ಕಾರ್ಡ್‌ನ ಬಗೆ, ಅಂದರೆ ಅದರಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮ. 4ರಿಂದ 32 ಜಿಬಿ ತನಕದ ಕಾರ್ಡ್‌ಗಳು ಫ್ಯಾಟ್32. 64 ಜಿಬಿ ಮತ್ತು ಅದರ ಮೇಲಿನವು ಎಕ್ಸ್‌ಫ್ಯಾಟ್. ಈ ಎಕ್ಸ್‌ಫ್ಯಾಟ್ ಮೈಕ್ರೋಸಾಫ್ಟ್‌ನ ಸೊತ್ತು. 2019ರಲ್ಲಿ ಆ ಕಂಪನಿ ಅದರ ವಿವರ ಹೊರಗೆ ಬಿಟ್ಟ ಮೇಲೆಯೇ ಆಂಡ್ರಾಯ್ಡ್‌ನ ತಿರುಳಾದ ಲಿನಕ್ಸ್ ಕರ್ನಲ್‌ನ 5.4 ಆವೃತ್ತಿಯಲ್ಲಿ ಅದು ಸೇರಿದ್ದು. ಅದಕ್ಕೂ ಹಿಂದಿನ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ತಯಾರಕರು ಬೇರೆಯಾಗಿ ಸೇರಿಸಿದ್ದರೆ ಮಾತ್ರ ಓದುತ್ತದೆ. ಓದದಿದ್ದರೆ "ಕರಪ್ಟೆಡ್, ಟ್ಯಾಪ್ ಟು ಸೆಟಪ್" ಅಂತ ಬರುತ್ತದೆ. ಕಾರ್ಡ್ ಕೆಟ್ಟೇ ಇರುವುದಿಲ್ಲ! ಟ್ಯಾಬ್‌ಗೆ ಅದರ ಭಾಷೆ ಬರುವುದಿಲ್ಲ, ಅಷ್ಟೇ. ಅಲ್ಲಿ ಸೆಟಪ್ ಒತ್ತಿದರೆ ಫಾರ್ಮ್ಯಾಟ್ ದಾರಿ ಹಿಡಿದ ಹಾಗೆ. ಹಳೆ ಟ್ಯಾಬ್ ಬಳಸುವವರು 32 ಜಿಬಿ ಕಾರ್ಡ್‌ಗಳನ್ನೇ ನಾಲ್ಕು ಇಟ್ಟುಕೊಳ್ಳಿ. ಒಂದೇ 128ಕ್ಕಿಂತ ಅದು ಎಲ್ಲಾ ರೀತಿಯಲ್ಲೂ ವಾಸಿ, ಒಂದು ಹೋದರೂ ಮೂರು ಉಳಿಯುತ್ತವೆ.

ಮೂರನೆಯದು ಆ್ಯಪ್. 2020ರ ಆಂಡ್ರಾಯ್ಡ್ 11ರಿಂದ ಆ್ಯಪ್‌ಗಳು ಕಂಡಕಂಡ ಫೋಲ್ಡರ್ ತೆರೆಯುವುದಕ್ಕೆ ಕಡಿವಾಣ ಬಿತ್ತು. ಹಳೆಯ ಆಮದು ಆ್ಯಪ್ ಖಾಲಿ ತೋರಿಸಿದರೆ, ಟ್ಯಾಬ್ ಜೊತೆಗೇ ಬಂದ ಫೈಲ್ಸ್ ಆ್ಯಪ್‌ನಲ್ಲಿ ತೆರೆದು ನೋಡಿ. ಅಲ್ಲಿ ಕಂಡರೆ ಆ್ಯಪ್‌ಗೆ ಅನುಮತಿ ಕೊಡುವುದಷ್ಟೇ ಬಾಕಿ.

ತಪ್ಪು ನಿಜವಾಗಿ ಅಪ್‌ಡೇಟ್‌ನದ್ದೇ ಆಗಿದ್ದರೆ

ಹಿಂದಿನ ಆವೃತ್ತಿಗೆ ಹೋಗಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಐಪ್ಯಾಡ್‌ನಲ್ಲಿ ಅದು ಬಹಳ ಕಷ್ಟ. ಹಳೆಯ ಆವೃತ್ತಿಗೆ ಆಪಲ್ ಒಪ್ಪಿಗೆ ಸಹಿ ಹಾಕುವುದನ್ನು ಕೆಲವು ದಿನಗಳಲ್ಲೇ ನಿಲ್ಲಿಸುತ್ತದೆ. ಸಿಕ್ಕರೂ ಟ್ಯಾಬ್ ಪೂರ್ತಿ ಅಳಿಸಿ ಹಾಕಬೇಕು. ಹೊಸ ಆವೃತ್ತಿಯಲ್ಲಿ ಮಾಡಿದ ಬ್ಯಾಕಪ್ ಹಳೆಯದಕ್ಕೆ ಕೂರುವುದಿಲ್ಲ. ಆ ಸಾಹಸ ಬೇಡ. ದೊಡ್ಡ ಆವೃತ್ತಿಯ ಹಿಂದೆಯೇ ಬರುವ ಸಣ್ಣ ಅಪ್‌ಡೇಟ್ ಬಂದಿದೆಯಾ ನೋಡಿ, ಅದರ ಟಿಪ್ಪಣಿ ಓದಿ. 16.5ರ ದೋಷ ಸರಿಹೋದದ್ದು ಹಾಗೇ.

ಅಲ್ಲಿಯವರೆಗೆ ಕ್ಯಾಮೆರಾ ಕೇಬಲ್ ಅಥವಾ ಕ್ಯಾಮೆರಾದ ವೈಫೈ ಬಳಸಿ. ವೈಫೈ ನಿಧಾನ, ಆದರೆ ಅಜ್ಜಿಗೆ ಹತ್ತು ಫೋಟೊ ತೋರಿಸಲು ಧಾರಾಳವಾಗಿ ಸಾಕು. 2020ರ ಐಒಎಸ್ 14ರಿಂದ ಕ್ಯಾಮೆರಾ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ ಬೇಕು. ಮೊದಲ ಸಲ ಬೇಡ ಅಂದಿದ್ದರೆ ಆ್ಯಪ್ ಕ್ಯಾಮೆರಾವನ್ನು ಹುಡುಕುತ್ತಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಗುಂಡಿ ಆನ್ ಮಾಡಿ. ಪೂರ್ತಿ ಕಾರ್ಡ್ ಖಾಲಿ ಮಾಡಬೇಕಾದರೆ ಯಾರದ್ದಾದರೂ ಕಂಪ್ಯೂಟರ್ ಬಳಸಿ. ಒಂದು ರೀಡರ್‌ಗಾಗಿ ಬೆಂಗಳೂರಿಗೆ 70 ಕಿಲೋಮೀಟರ್ ಓಡುವ ಮೊದಲು ಗೆಳೆಯರ ರೀಡರ್ ತಂದು ಪರೀಕ್ಷೆ ಮಾಡಿ.

ಇನ್ನು ನಾನು ಮಾಡಿಕೊಂಡಿರುವ ಏರ್ಪಾಡು. ಟ್ಯಾಬ್‌ನಲ್ಲಿ ತಾನಾಗಿಯೇ ಅಪ್‌ಡೇಟ್ ಆಗುವ ಗುಂಡಿ ಆಫ್ ಇದೆ. ಹಾಗಂತ ಅಪ್‌ಡೇಟ್ ಬಿಡುವುದಿಲ್ಲ, ಭದ್ರತೆಯ ತೇಪೆಗಳು ಅದರಲ್ಲೇ ಬರುತ್ತವೆ. ಸಣ್ಣವನ್ನು ಮದುವೆ ಇಲ್ಲದ ಸೋಮವಾರ ಬೆಳಗ್ಗೆ ಹಾಕುತ್ತೇನೆ. ದೊಡ್ಡ ಆವೃತ್ತಿಗಳಿಗೆ ಆಷಾಢ ಅಥವಾ ಧನುರ್ಮಾಸ ಬರಲಿ ಅಂತ ಕಾಯುತ್ತೇನೆ. ಆಗ ಛತ್ರಗಳಿಗೆ ಬೀಗ, ನಮಗೂ ಬಿಡುವು. ಅಪ್‌ಡೇಟ್ ಆದ ಕೂಡಲೇ ಆ 8 ಜಿಬಿ ಕಾರ್ಡ್ ತೆಗೆದು, ರೀಡರ್‌ನಲ್ಲಿ ಒಂದು ಸಲ, ಕ್ಯಾಮೆರಾ ಕೇಬಲ್‌ನಲ್ಲಿ ಒಂದು ಸಲ, ನಾಲ್ಕೂ ಫೋಟೊ ಬರುತ್ತವಾ ನೋಡುತ್ತೇನೆ. ರೀಡರ್ ಈಗ ಬ್ಯಾಗಿನಲ್ಲಿ ಬಿಡಿಯಾಗಿ ಇರುವುದಿಲ್ಲ. ಕನ್ನಡಕದ ಹಳೆಯ ಡಬ್ಬಿಯಲ್ಲಿ ಹಲ್ಲುಕಡ್ಡಿ, ರಬ್ಬರ್ ಬಲ್ಬ್ ಜೊತೆ ಇರುತ್ತದೆ. ಡಬ್ಬಿ ಮುಚ್ಚಳ ಹಾಕಿಯೇ ಅಕ್ಷತೆ ಎರಚುವ ಜಾಗಕ್ಕೆ ಹೋಗುತ್ತೇನೆ.